ಬ್ರಾಡ್‌ಬ್ಯಾಂಡ್ ಬಿಟ್ಟು ಎಂಟು ತಿಂಗಳ ಮೇಲೆ ರಿಕವರಿ ಏಜೆನ್ಸಿ ಫೋನು: ₹3,503 ಬಾಕಿಗೆ ₹5,500 ಕೇಳ್ತಿದಾರೆ, ಏನು ಮಾಡೋದು?

ತುಂಗಾತೀರ

ಶಿವಮೊಗ್ಗದ ಬಾಡಿಗೆ ಮನೆಯಲ್ಲಿದ್ದ ಫೈಬರ್ ಕನೆಕ್ಷನ್ ವಿಚಾರ. ಪೋಸ್ಟ್‌ಪೇಯ್ಡ್ ಪ್ಲಾನ್, ತಿಂಗಳಿಗೆ ₹799 ಮತ್ತು ಜಿಎಸ್‌ಟಿ. ಬಿಲ್ ಸೈಕಲ್ 5ನೇ ತಾರೀಕಿನಿಂದ ಮುಂದಿನ 4ರವರೆಗೆ, ತಿಂಗಳು ಮುಗಿದ ಮೇಲೆ ಬಿಲ್ ಬರೋದು. ಕಳೆದ ಜೂನ್ 20ಕ್ಕೆ ಕಸ್ಟಮರ್ ಕೇರ್‌ನಲ್ಲಿ ಡಿಸ್ಕನೆಕ್ಷನ್ ಕೇಳಿದ್ದಕ್ಕೆ ರಿಕ್ವೆಸ್ಟ್ ನಂಬರ್ ಇರುವ ಎಸ್ಸೆಮ್ಮೆಸ್ ಇದೆ. ರೂಟರ್ ಒಯ್ಯಲು ಯಾರೂ ಬರಲಿಲ್ಲ, ಅದೀಗ ನಾನಿರುವ ಬೆಂಗಳೂರಿನ ಮನೆಯಲ್ಲೇ ಇದೆ.

ಕಂಪನಿ ಆ್ಯಪ್‌ನಲ್ಲಿ ತೋರಿಸ್ತಿರುವ ಬಾಕಿ:
ಜೂನ್ 5–ಜುಲೈ 4: ₹942.82
ಜುಲೈ 5–ಆಗಸ್ಟ್ 4: ₹942.82
ಲೇಟ್ ಫೀ: ₹118
ರೂಟರ್ ವಾಪಸ್ ಕೊಡದ್ದಕ್ಕೆ: ₹1,500
ಒಟ್ಟು ₹3,503.64

ಈಗ ಯಾವುದೋ ಏಜೆನ್ಸಿಯವರು ದಿನಕ್ಕೆ ಐದಾರು ಸಲ ಬೇರೆ ಬೇರೆ ನಂಬರಿನಿಂದ ಫೋನ್ ಮಾಡಿ ‘ಲೀಗಲ್ ಚಾರ್ಜ್’ ಸೇರಿಸಿ ₹5,500 ಕೇಳ್ತಿದಾರೆ. ವಾಟ್ಸಾಪ್‌ನಲ್ಲಿ ವಕೀಲರ ನೋಟಿಸ್ ಅಂತ ಒಂದು ಪಿಡಿಎಫ್ ಬಂದಿದೆ. ಅದರಲ್ಲಿ ಲೋಕ ಅದಾಲತ್, ವಾರಂಟ್, ಸಿಬಿಲ್ ಎಲ್ಲ ಇದೆ. ಪೊಲೀಸರ ಜೊತೆ ಮನೆಗೆ ಬರ್ತೀವಿ ಅಂತಾನೂ ಹೇಳ್ತಾರೆ. ಇದರಲ್ಲಿ ನಿಜ ಎಷ್ಟು? ಕಟ್ಟಬೇಕಾದ್ದು ಎಷ್ಟು? ಯಾರಿಗೆ ಕಟ್ಟಬೇಕು?

ಕೌಂಟರ್_ನಂ_4

ಮೊದಲು ಲೆಕ್ಕ ನೋಡೋಣ ಸರ್, ಬೆದರಿಕೆ ವಿಚಾರ ಆಮೇಲೆ.

ಜೂನ್ 5ರಿಂದ 20ರವರೆಗೆ ಎರಡೂ ದಿನ ಸೇರಿ 16 ದಿನ. ಆ ಸೈಕಲ್‌ಗೆ 30 ದಿನ. 799 × 16 ÷ 30 = ₹426.13. ಅದಕ್ಕೆ ಶೇ 18 ಜಿಎಸ್‌ಟಿ ₹76.70. ಒಟ್ಟು ₹502.83. ನೀವು ನಿಜವಾಗಿ ಬಳಸಿದ್ದಕ್ಕೆ ಕೊಡಬೇಕಾದ್ದು ಇಷ್ಟು. ಕೆಲವು ಪ್ಲಾನ್‌ಗಳ ಷರತ್ತಿನಲ್ಲಿ ‘ಸೈಕಲ್ ಮಧ್ಯೆ ಬಿಟ್ಟರೂ ಪೂರ್ತಿ ತಿಂಗಳ ಬಾಡಿಗೆ’ ಅಂತ ಇರುತ್ತೆ. ಅರ್ಜಿಯ ಹಿಂಬದಿ ಅಥವಾ ಆ್ಯಪ್‌ನ ಟರ್ಮ್ಸ್‌ನಲ್ಲಿ ಹುಡುಕಿ. ಹಾಗಿದ್ದರೆ ₹942.82 ಒಪ್ಪಿಕೊಳ್ಳಬೇಕಾಗುತ್ತೆ. ಎರಡನೇ ತಿಂಗಳ ₹942.82ಕ್ಕಂತೂ ಯಾವ ಆಧಾರವೂ ಕಾಣಲ್ಲ, ಡಿಸ್ಕನೆಕ್ಷನ್ ಕೇಳಿದ ಮೇಲಿನದ್ದು ಅದು. ಲೇಟ್ ಫೀ ತಪ್ಪು ಬಿಲ್‌ನ ಬೆನ್ನಿಗೆ ಬಂದಿದ್ದು, ಬಿಲ್ ತಿದ್ದಿದರೆ ಅದೂ ಹೋಗುತ್ತೆ. ರೂಟರ್ ಕೈಯಲ್ಲಿದೆ ಅಂದಮೇಲೆ ₹1,500 ಕೊಡೋ ಮಾತೇ ಇಲ್ಲ, ವಸ್ತು ವಾಪಸ್ ಕೊಡಿ.

ಇಂಥ ಬಾಕಿ ಹುಟ್ಟೋದು ಎಲ್ಲಿ ಅಂದ್ರೆ, ಫೋನಿನಲ್ಲಿ ‘ಕಟ್ ಮಾಡಿ’ ಅಂದರೆ ಅಲ್ಲಿ ಕನೆಕ್ಷನ್ ಕಟ್ ಆಗಲ್ಲ. ಒಂದು ಟಿಕೆಟ್ ತೆರೆದು ಗ್ರಾಹಕರನ್ನು ಉಳಿಸಿಕೊಳ್ಳೋ ತಂಡಕ್ಕೆ ಹೋಗುತ್ತೆ. ಅವರು ವಾಪಸ್ ಫೋನ್ ಮಾಡಿ ಆಫರ್ ಕೊಡೋಕೆ ನೋಡ್ತಾರೆ. ನೀವು ಎತ್ತದಿದ್ದರೆ ‘ಗ್ರಾಹಕರು ಸಿಗಲಿಲ್ಲ’ ಅಂತ ಟಿಕೆಟ್ ಮುಚ್ಚಿಬಿಡ್ತಾರೆ. ಆ್ಯಪ್‌ನಲ್ಲಿ ‘ಕ್ಲೋಸ್ಡ್’ ಅಂತ ಕಂಡರೆ ಮುಚ್ಚಿದ್ದು ಟಿಕೆಟ್, ನಿಮ್ಮ ಅಕೌಂಟ್ ಅಲ್ಲ! ಬಿಲ್ಲಿಂಗ್ ನಡೀತಾನೇ ಇರುತ್ತೆ. ಎರಡು ಬಿಲ್ ಕಟ್ಟದೇ ಹೋದಾಗ ಸಿಸ್ಟಂ ತಾನೇ ಲೈನ್ ನಿಲ್ಲಿಸಿ, ರೂಟರ್ ದುಡ್ಡು ಸೇರಿಸಿ, ಏಜೆನ್ಸಿ ಪಟ್ಟಿಗೆ ಹಾಕುತ್ತೆ. ನಿಮ್ಮ ಲೆಕ್ಕದಲ್ಲಿ ಸರಿಯಾಗಿ ಎರಡೇ ಬಿಲ್ ಇರೋದು ನೋಡಿದರೆ ಇದೇ ಆಗಿದೆ ಅನ್ಸುತ್ತೆ.

ರೂಟರ್ ಬಗ್ಗೆ: ಪಿಕಪ್ ಕೇಳಿದರೆ ಟಿಕೆಟ್ ಶಿವಮೊಗ್ಗದ ಹಳೇ ವಿಳಾಸಕ್ಕೇ ಹೋಗುತ್ತೆ, ಅಲ್ಲಿನ ಟೆಕ್ನೀಷಿಯನ್ ‘ಮನೆ ಬೀಗ’ ಅಂತ ಬರೀತಾನೆ. ಅದರ ಬದಲು ಬೆಂಗಳೂರಿನ ಕಂಪನಿ ಸ್ಟೋರ್‌ಗೇ ಒಯ್ದು ಕೊಡಿ. ಅಡಾಪ್ಟರ್ ಮತ್ತು ಲ್ಯಾನ್ ಕೇಬಲ್ ಜೊತೆಗಿರಲಿ, ಅಡಾಪ್ಟರ್ ಇಲ್ಲದಿದ್ದರೆ ‘ಅಪೂರ್ಣ’ ಅಂತ ವಾಪಸ್ ಕಳಿಸೋದುಂಟು. ಗೋಡೆಯ ಫೈಬರ್ ತಂತಿ ಬೇಡ. ಕೊಡೋ ಮುಂಚೆ ಕೆಳಭಾಗದ ಸ್ಟಿಕ್ಕರ್‌ನಲ್ಲಿರುವ ಸೀರಿಯಲ್ ನಂಬರ್, ಮ್ಯಾಕ್ ನಂಬರ್ ಕಾಣೋ ಹಾಗೆ ಫೋಟೋ ತೆಗೀರಿ. ರಸೀದಿಯಲ್ಲಿ ಅದೇ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಬರೀ ‘ರೂಟರ್ ಪಡೆದಿದೆ’ ಅನ್ನೋ ಚೀಟಿ ನಾಳೆ ಉಪಯೋಗಕ್ಕೆ ಬರಲ್ಲ. ಸ್ಟೋರಿನವರು ತಗೊಳ್ಳಲ್ಲ ಅಂದರೆ ಅದನ್ನೇ ಈಮೇಲ್‌ನಲ್ಲಿ ಬರೆದು, ಹೊಸ ವಿಳಾಸದಿಂದ ಒಯ್ಯಿರಿ ಅಂತ ಕೇಳಿ.

ಇನ್ನೊಂದು, ಆಟೋಪೇ ಕೊಟ್ಟಿದ್ದರೆ ಯುಪಿಐ ಆ್ಯಪ್ ಅಥವಾ ಬ್ಯಾಂಕಿನಲ್ಲಿ ಆ ಮ್ಯಾಂಡೇಟ್ ಇನ್ನೂ ಜೀವಂತ ಇದೆಯಾ ನೋಡಿ. ಜಗಳ ನಡೀತಿರುವಾಗಲೇ ₹3,503 ಕಡಿತವಾದರೆ ವಾಪಸ್ ತರೋದು ದೊಡ್ಡ ಕೆಲಸ.

ದಾರಿಹೋಕ

ಆರ್‌ಬಿಐ ನಿಯಮ ಇದೆಯಲ್ಲ, ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡೋ ಹಾಗಿಲ್ಲ. ಆರ್‌ಬಿಐ ಒಂಬುಡ್ಸ್‌ಮನ್‌ಗೆ (ಬ್ಯಾಂಕ್ ದೂರು ಕೇಳೋ ಅಧಿಕಾರಿ) ದೂರು ಹಾಕಿ. ಜೊತೆಗೆ ನಮ್ಮ ರಾಜ್ಯದಲ್ಲೇ 2025ರಲ್ಲಿ ಮೈಕ್ರೋಫೈನಾನ್ಸ್ ಕಿರುಕುಳ ತಡೆಗೆ ಕಾನೂನು ಬಂತಲ್ಲ, ಅದರಲ್ಲಿ 10 ವರ್ಷ ಜೈಲು. ಅದನ್ನ ಹೇಳಿ, ಸುಮ್ಮನಾಗ್ತಾರೆ.

ಕರಿಕೋಟು

@ದಾರಿಹೋಕ, ಎರಡೂ ಇಲ್ಲಿಗೆ ಹೊಂದಲ್ಲ. 8ರಿಂದ 7ರ ನಿಯಮ ಆರ್‌ಬಿಐ 2022ರ ಆಗಸ್ಟ್ 12ರಂದು ಹೊರಡಿಸಿದ ಸುತ್ತೋಲೆಯದ್ದು. ಬ್ಯಾಂಕು, ಎನ್‌ಬಿಎಫ್‌ಸಿ (ಬ್ಯಾಂಕೇತರ ಹಣಕಾಸು ಕಂಪನಿ)ಗಳಂಥ ಆರ್‌ಬಿಐ ಅಧೀನದ ಸಂಸ್ಥೆಗಳು ಕೊಟ್ಟ ಸಾಲಕ್ಕೆ ಅದು ಅನ್ವಯ. ಇಂಟರ್ನೆಟ್ ಕಂಪನಿ ಆರ್‌ಬಿಐ ಕೈಕೆಳಗೆ ಬರಲ್ಲ. ಒಂಬುಡ್ಸ್‌ಮನ್‌ಗೆ ಹಾಕಿದರೆ ‘ವ್ಯಾಪ್ತಿಗೆ ಬರುವುದಿಲ್ಲ’ ಅಂತ ಮುಚ್ಚುತ್ತಾರೆ. ರಾಜ್ಯದ 2025ರ ಕಾನೂನು ಮೈಕ್ರೋ ಮತ್ತು ಸಣ್ಣ ಸಾಲದ ವಸೂಲಿಗೆ ಸಂಬಂಧಿಸಿದ್ದು, ಸೇವೆಯ ಬಿಲ್ ಸಾಲ ಅಲ್ಲ. ಏಜೆಂಟ್‌ಗೆ ತಪ್ಪು ಕಾನೂನು ಹೇಳಿದರೆ ನಿಮಗೆ ಗೊತ್ತಿಲ್ಲ ಅಂತ ಅವನಿಗೆ ತಕ್ಷಣ ಗೊತ್ತಾಗುತ್ತೆ.

@ತುಂಗಾತೀರ, ಒಂದೊಂದಾಗಿ ಹೇಳ್ತೀನಿ.

ಪೊಲೀಸ್, ವಾರಂಟ್: ಬಿಲ್ ಬಾಕಿ ಸಿವಿಲ್ ವ್ಯಾಜ್ಯ. ಇದಕ್ಕೆ ಬಂಧನ ಇಲ್ಲ, ಪೊಲೀಸರು ವಸೂಲಿ ಮಾಡಿಕೊಡೋದೂ ಇಲ್ಲ. ಒಂದೇ ಒಂದು ಅಪವಾದ ತಿಳಿದಿರಲಿ: ಆಟೋಪೇ ಮ್ಯಾಂಡೇಟ್ ಕೊಟ್ಟು, ಖಾತೆಯಲ್ಲಿ ಹಣ ಇಲ್ಲದೆ ಅದು ಬೌನ್ಸ್ ಆದರೆ 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ 25ನೇ ಕಲಂ ಬರಬಹುದು. ಅದು ಚೆಕ್ ಬೌನ್ಸ್ ಥರದ್ದೇ. ಅದಕ್ಕೂ ಮೊದಲು ಲಿಖಿತ ನೋಟಿಸ್, ಆಮೇಲೆ ಕಟ್ಟಲು 15 ದಿನ ಇರುತ್ತೆ. ಮೂರು ಸಾವಿರದ ಬಿಲ್‌ಗೆ ಇದನ್ನು ಹಿಡಿದುಕೊಂಡು ಹೋಗೋದು ತೀರಾ ಅಪರೂಪ. ಮ್ಯಾಂಡೇಟ್ ಇಲ್ಲದಿದ್ದರೆ ಈ ಪ್ರಶ್ನೆಯೇ ಏಳಲ್ಲ.

ವಾಟ್ಸಾಪ್ ನೋಟಿಸ್: ವಕೀಲರ ನೋಟಿಸ್ ಅಂದರೆ ಒಂದು ಪತ್ರ ಅಷ್ಟೇ, ಕೋರ್ಟಿನ ಆದೇಶ ಅಲ್ಲ. ಆದರೂ ನಿಜವಾದ ವಕೀಲರ ಹೆಸರು, ವಿಳಾಸ, ನೋಂದಣಿ ಸಂಖ್ಯೆ ಇದ್ದರೆ ಉತ್ತರ ಕೊಡೋದೇ ಲೇಸು. ಮುಂದೆ ಎಲ್ಲಿಗೆ ಹೋದರೂ ‘ಗ್ರಾಹಕರು ಆಗಲೇ ತಕರಾರು ಎತ್ತಿದ್ದರು’ ಅನ್ನೋ ದಾಖಲೆ ಉಳಿಯುತ್ತೆ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ವಿಲೀನ ಆಗಿದೆ, ಕೌಂಟರ್‌ನಲ್ಲಿ ಡೆಲಿವರಿ ಪುರಾವೆ ಬೇಕು ಅಂತ ಕೇಳಿ. ನೋಟಿಸ್‌ನಲ್ಲೇ ‘ವಾರಂಟ್ ಜಾರಿಯಾಗಿದೆ’ ಅಂತ ಇದ್ದರೆ ಕಾಗದದ ಯೋಗ್ಯತೆ ಅಲ್ಲೇ ತಿಳೀತು. ವಾರಂಟ್ ಹೊರಡಿಸೋದು ನ್ಯಾಯಾಲಯ, ವಕೀಲರಲ್ಲ. ಕೇಸ್ ನಂಬರ್ ಕೊಟ್ಟಿದ್ದರೆ ಇ-ಕೋರ್ಟ್ಸ್ ಜಾಲತಾಣ ಅಥವಾ ಆ್ಯಪ್‌ನಲ್ಲಿ ಹಾಕಿ ನೋಡಿ. ಪ್ರತಿ ಪ್ರಕರಣಕ್ಕೂ 16 ಅಕ್ಷರ–ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತೆ, ಕರ್ನಾಟಕದ್ದು ‘ಕೆಎ’ಯಿಂದ ಶುರು.

ಲೋಕ ಅದಾಲತ್: ಇದನ್ನ ಮಾತ್ರ ಪೂರ್ತಿ ಸುಳ್ಳು ಅಂತ ತಳ್ಳಬೇಡಿ. ಟೆಲಿಕಾಂ ಕಂಪನಿಗಳು ಇಂಥ ಸಣ್ಣ ಬಾಕಿಗಳನ್ನು ಕಟ್ಟುಕಟ್ಟಾಗಿ, ಕೇಸ್ ಹಾಕುವ ಮುಂಚಿನ ಹಂತದಲ್ಲೇ, ರಾಷ್ಟ್ರೀಯ ಲೋಕ ಅದಾಲತ್‌ಗೆ ಕಳಿಸೋದು ನಿಜ. ಅಸಲಿ ನೋಟಿಸ್ ಬರೋದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅಥವಾ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ. ನ್ಯಾಯಾಲಯ ಸಂಕೀರ್ಣದ ವಿಳಾಸ, ಪ್ರಕರಣದ ಸಂಖ್ಯೆ, ಹಾಜರಾಗುವ ದಿನಾಂಕ ಇರುತ್ತೆ. ಯುಪಿಐ ಕ್ಯೂಆರ್ ಕೋಡ್ ಇರಲ್ಲ. ಅನುಮಾನ ಇದ್ದರೆ ಕಾನೂನು ಸೇವೆಗಳ ಸಹಾಯವಾಣಿ 15100ಕ್ಕೆ ಫೋನ್ ಮಾಡಿ ಅಥವಾ ಪ್ರಾಧಿಕಾರದ ಕಚೇರಿಗೇ ಹೋಗಿ ಕೇಳಿ. ಅಲ್ಲಿ ರಾಜಿ ಆಗಬೇಕಾದ್ದು ಇಬ್ಬರ ಒಪ್ಪಿಗೆಯಿಂದಲೇ, ಒಪ್ಪದಿದ್ದರೆ ವಿಷಯ ಅಲ್ಲಿಗೆ ಮುಗಿಯಿತು, ದಂಡ ಇಲ್ಲ. ಒಪ್ಪಿ ಸಹಿ ಹಾಕಿದರೆ ಮಾತ್ರ ಅದು ಸಿವಿಲ್ ಡಿಕ್ರಿಗೆ ಸಮ, ಮೇಲ್ಮನವಿಯೂ ಇಲ್ಲ. ಹಾಗಾಗಿ ಗಡಿಬಿಡಿಯಲ್ಲಿ ‘₹3,000ಕ್ಕೆ ಮುಗಿಸಿ’ ಅಂದರು ಅಂತ ಸಹಿ ಹಾಕಬೇಡಿ.

ಇದಕ್ಕಿಂತ ಬೇರೆಯದು ಖಾಯಂ ಲೋಕ ಅದಾಲತ್. ಹೆಸರು ಒಂದೇ ಥರ ಇರೋದಕ್ಕೆ ಜನ ಎರಡನ್ನೂ ಒಂದೇ ಅಂದ್ಕೋತಾರೆ. ದೂರವಾಣಿ, ವಿದ್ಯುತ್, ನೀರು, ಸಾರಿಗೆ, ವಿಮೆಯಂಥ ಸಾರ್ವಜನಿಕ ಉಪಯುಕ್ತ ಸೇವೆಗಳಿಗೆ ಅಂತಲೇ ಇರೋದು ಅದು. ಅಲ್ಲಿ ರಾಜಿ ಆಗದಿದ್ದರೆ ಪೀಠವೇ ವಿಚಾರಣೆ ಮಾಡಿ ತೀರ್ಪು ಕೊಡಬಹುದು. ಮಂಗಳೂರಿನ ಖಾಯಂ ಲೋಕ ಅದಾಲತ್‌ನಿಂದ ಹೊರಟ ಕೆನರಾ ಬ್ಯಾಂಕ್ ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ಈ ಅಧಿಕಾರವನ್ನು ಒಪ್ಪಿದೆ, ಆದರೆ ಮೊದಲು ರಾಜಿ ಪ್ರಯತ್ನ ನಡೆಯಲೇಬೇಕು ಅಂದಿದೆ. ಅಲ್ಲಿಂದ ನೋಟಿಸ್ ಬಂದರೆ ಹೋಗದೆ ಇರಬೇಡಿ. ಗ್ರಾಹಕರೂ ಅಲ್ಲಿ ಅರ್ಜಿ ಹಾಕಬಹುದು, ನ್ಯಾಯಾಲಯ ಶುಲ್ಕ ಇಲ್ಲ.

ಕಾಲಮಿತಿ: ಬಾಕಿ ವಸೂಲಿಗೆ ದಾವೆ ಹೂಡಲು 1963ರ ಕಾಲಮಿತಿ ಕಾಯ್ದೆಯಲ್ಲಿ 3 ವರ್ಷ. ನಿಮ್ಮದು ಇನ್ನೂ ವರ್ಷ ಕಳೆದಿಲ್ಲ, ‘ಹಳೇದಾಯ್ತು’ ಅನ್ನೋ ವಾದ ಇಲ್ಲ. ಆದರೆ ಈ 3 ವರ್ಷದ ಒಳಗೆ ನೀವು ಸಹಿ ಹಾಕಿ ‘ಹೌದು, ಬಾಕಿ ಇದೆ’ ಅಂತ ಬರೆದುಕೊಟ್ಟರೆ ಅವತ್ತಿನಿಂದ ಮತ್ತೆ ಹೊಸದಾಗಿ 3 ವರ್ಷ. ಭಾಗಶಃ ಪಾವತಿಯನ್ನು ಬರವಣಿಗೆಯಲ್ಲಿ ದಾಖಲಿಸಿದರೂ ಹಾಗೇ. ಏಜೆಂಟ್‌ಗಳು ‘ಸದ್ಯಕ್ಕೆ ₹500 ಹಾಕಿ, ಉಳಿದದ್ದು ಆಮೇಲೆ ನೋಡೋಣ’ ಅನ್ನೋದರ ಹಿಂದೆ ಇದೂ ಒಂದು ಲೆಕ್ಕ ಇರುತ್ತೆ. ಈಮೇಲ್ ಬರೆಯುವಾಗ ‘ಬಾಕಿಯನ್ನು ಒಪ್ಪಿಕೊಳ್ಳದೆ, ವಿವರ ಕೇಳುತ್ತಿದ್ದೇನೆ’ ಅನ್ನೋ ಸಾಲು ಇರಲಿ.

ಲೀಗಲ್ ಚಾರ್ಜ್ ಸುಮಾರು ₹2,000 ಎಲ್ಲಿಂದ ಬಂತು ಅಂತ ಒಪ್ಪಂದದ ಷರತ್ತು ತೋರಿಸೋಕೆ ಹೇಳಿ. ಖರ್ಚು ಯಾರು ಕೊಡಬೇಕು ಅಂತ ತೀರ್ಮಾನಿಸೋದು ಕೋರ್ಟು, ಏಜೆನ್ಸಿ ಅಲ್ಲ.

ಸ್ಕೋರ್‌ಬೋರ್ಡ್

ಸಿಬಿಲ್ (ಸಾಲ–ಬಾಕಿಯ ಚರಿತ್ರೆ ಇಡೋ ಸಂಸ್ಥೆ) ಭಾಗ ನಾನು ಹೇಳ್ತೀನಿ. ‘ಬರೀ ಇಂಟರ್ನೆಟ್ ಬಿಲ್, ಸಿಬಿಲ್‌ಗೆ ಹೋಗಲ್ಲ’ ಅನ್ನೋದು ತಪ್ಪು ತಿಳಿವಳಿಕೆ. ಕ್ರೆಡಿಟ್ ರಿಪೋರ್ಟ್‌ನಲ್ಲಿ ‘ಟೆಲ್ಕೋ–ವೈರ್‌ಲೆಸ್’, ‘ಟೆಲ್ಕೋ–ಬ್ರಾಡ್‌ಬ್ಯಾಂಡ್’, ‘ಟೆಲ್ಕೋ–ಲ್ಯಾಂಡ್‌ಲೈನ್’ ಅನ್ನೋ ಖಾತೆ ಬಗೆಗಳೇ ಇವೆ. ಎಲ್ಲ ಕಂಪನಿಯೂ ಎಲ್ಲ ಗ್ರಾಹಕರ ಮಾಹಿತಿ ಕೊಡಲ್ಲ. ನಿಮ್ಮದು ಹೋಗಿದೆಯಾ ಅನ್ನೋದನ್ನ ಊಹೆ ಮಾಡಬೇಡಿ, ತೆಗೆದು ನೋಡಿ.

ನಾಲ್ಕು ಸಂಸ್ಥೆಗಳಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್. ನಾಲ್ಕೂ ವರ್ಷಕ್ಕೆ ಒಂದು ಪೂರ್ಣ ರಿಪೋರ್ಟ್ ಉಚಿತ ಕೊಡಲೇಬೇಕು. ಜಾಲತಾಣದಲ್ಲಿ ಹಣ ಕೊಡುವ ಚಂದಾ ದೊಡ್ಡದಾಗಿ, ಉಚಿತದ್ದು ಸಣ್ಣಕ್ಷರದಲ್ಲಿ ಇರುತ್ತೆ, ಹುಡುಕಿ. ನಿಮ್ಮ ರಿಪೋರ್ಟ್ ನೀವೇ ತೆಗೆದರೆ ಸ್ಕೋರ್ ಇಳಿಯಲ್ಲ. ಒಂದರಲ್ಲಿ ಇಲ್ಲದ್ದು ಇನ್ನೊಂದರಲ್ಲಿ ಇರಬಹುದು, ನಾಲ್ಕೂ ನೋಡಿ.

ಟೆಲ್ಕೋ ಸಾಲು ಕಂಡರೆ ಅದರಲ್ಲಿ ಓವರ್‌ಡ್ಯೂ ಮೊತ್ತ, ಎಷ್ಟು ದಿನ ಬಾಕಿ, ಕೊನೆಯದಾಗಿ ವರದಿ ಮಾಡಿದ ದಿನಾಂಕ ಬರೆದಿಟ್ಟುಕೊಳ್ಳಿ. ಅದೇ ರಿಪೋರ್ಟ್‌ನ ಕಂಟ್ರೋಲ್ ನಂಬರ್ ಹಾಕಿ ಅದೇ ಜಾಲತಾಣದಲ್ಲಿ ಡಿಸ್ಪ್ಯೂಟ್ ಎತ್ತಬೇಕು. ಸಂಸ್ಥೆ ತಾನಾಗಿ ಏನೂ ಅಳಿಸಲ್ಲ, ಮಾಹಿತಿ ಕೊಟ್ಟ ಕಂಪನಿಯನ್ನು ಕೇಳಿ ಅದು ಒಪ್ಪಿದರೆ ತಿದ್ದುತ್ತೆ. ಇದಕ್ಕೆ 30 ದಿನ. ಹಾಗಾಗಿ ಮೊದಲು ಕಂಪನಿಯಿಂದ ತಿದ್ದಿದ ಬಿಲ್ ಪಡೆದು ಆಮೇಲೆ ಡಿಸ್ಪ್ಯೂಟ್ ಹಾಕೋದು ಒಳ್ಳೇದು. ಇಲ್ಲದಿದ್ದರೆ ‘ಮಾಹಿತಿ ಸರಿಯಿದೆ’ ಅಂತ ಉತ್ತರ ಬಂದು, ಮತ್ತೆ ಮೊದಲಿನಿಂದ ಶುರು.

ಏಜೆಂಟ್ ‘ನಾನು ಸಿಬಿಲ್ ಕ್ಲಿಯರ್ ಮಾಡಿಸ್ತೀನಿ’ ಅಂದರೆ ನಂಬಬೇಡಿ, ಅವನ ಕೈಯಲ್ಲಿ ಇಲ್ಲ. ಇನ್ನೂ ಮುಖ್ಯ: ಸೆಟಲ್‌ಮೆಂಟ್ ಅಂತ ಅರ್ಧಕ್ಕೆ ಮುಗಿಸಿದರೆ ರಿಪೋರ್ಟ್‌ನಲ್ಲಿ ‘ಸೆಟಲ್ಡ್’ ಅಂತ ಬೀಳುತ್ತೆ, ‘ಕ್ಲೋಸ್ಡ್’ ಅಲ್ಲ. ಮುಂದೆ ಮನೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ಹಿಡಿಯೋದೇ ಆ ಪದವನ್ನ. ಮೊತ್ತ ₹1,700 ಆದರೂ ಸರಿ, ₹17 ಲಕ್ಷ ಆದರೂ ಸರಿ. ಬಿಲ್ ತಿದ್ದಿಸಿ, ತಿದ್ದಿದ ಮೊತ್ತ ಪೂರ್ತಿ ಕಟ್ಟೋದು ಬೇರೆ. ತಪ್ಪು ಬಿಲ್‌ನಲ್ಲಿ ರಿಯಾಯಿತಿ ತಗೊಳ್ಳೋದು ಬೇರೆ.

ತುಂಗಾತೀರ

ತುಂಬಾ ಉಪಕಾರ. ಮ್ಯಾಂಡೇಟ್ ಇಲ್ಲ, ಪ್ರತಿ ತಿಂಗಳೂ ಯುಪಿಐನಲ್ಲಿ ಕಟ್ತಿದ್ದದ್ದು. ಷರತ್ತಿನಲ್ಲಿ ಪೂರ್ತಿ ತಿಂಗಳ ಬಾಡಿಗೆ ಅಂತ ಎಲ್ಲೂ ಇಲ್ಲ. ಎರಡು ಪ್ರಶ್ನೆ: ಏಜೆಂಟ್ ಇವತ್ತು ‘ಸಂಜೆ ಒಳಗೆ ₹1,750 ಕಳಿಸಿ, ಫೈಲ್ ಕ್ಲೋಸ್’ ಅಂತ ಯುಪಿಐ ಐಡಿ ಕಳಿಸಿದಾನೆ. ಅರ್ಜಿಯಲ್ಲಿ ಪರ್ಯಾಯ ನಂಬರ್ ಅಂತ ಅಮ್ಮನದು ಕೊಟ್ಟಿದ್ದು, ಈಗ ಅಮ್ಮನಿಗೂ ಫೋನ್ ಹೋಗ್ತಿದೆ. ಫೋನ್ ಬಂದಾಗ ಏನು ಮಾತಾಡಬೇಕು? ಈಮೇಲ್‌ನಲ್ಲಿ ಏನು ಬರೀಬೇಕು?

ಕೌಂಟರ್_ನಂ_4

ಆ ಯುಪಿಐ ಐಡಿಗೆ ಒಂದು ರೂಪಾಯಿನೂ ಬೇಡ. ಕಂಪನಿ ಆ್ಯಪ್, ಕಂಪನಿ ಜಾಲತಾಣ, ಸ್ಟೋರ್, ಇಲ್ಲಾ ಬಿಲ್ ಕಟ್ಟೋ ವ್ಯವಸ್ಥೆಯಾದ ಭಾರತ್ ಕನೆಕ್ಟ್ (ಹಿಂದಿನ ಬಿಬಿಪಿಎಸ್), ಕಟ್ಟೋ ಜಾಗ ಇಷ್ಟೇ. ಅಕೌಂಟ್ ಮುಚ್ಚಿದ್ದರೆ ಫೋನ್‌ಪೇ, ಗೂಗಲ್‌ಪೇಯಲ್ಲಿ ಬಿಲ್ ತೋರಿಸದೇ ಇರಬಹುದು. ಆಗ ಜಾಲತಾಣದಲ್ಲಿ ಅಕೌಂಟ್ ನಂಬರ್ ಹಾಕಿ ಕಟ್ಟಬೇಕು, ಇಲ್ಲಾ ಸ್ಟೋರ್‌ಗೆ ಹೋಗಬೇಕು. ಏಜೆಂಟ್‌ನ ಸ್ವಂತ ಐಡಿಗೆ ಹೋದ ದುಡ್ಡು ನಿಮ್ಮ ಅಕೌಂಟ್‌ಗೆ ಜಮಾ ಆಗದೇ ಇದ್ದರೆ ಕಂಪನಿ ಕೈ ತೊಳ್ಕೊಳ್ಳುತ್ತೆ, ಮುಂದಿನ ತಿಂಗಳು ಇನ್ನೊಂದು ಏಜೆನ್ಸಿ ಶುರು ಮಾಡುತ್ತೆ. ‘ಸಂಜೆ ಒಳಗೆ’ ಅನ್ನೋದಕ್ಕೂ ಅರ್ಥ ಇಲ್ಲ. ತಿಂಗಳ ಕೊನೆಯಲ್ಲಿ ಟಾರ್ಗೆಟ್ ಇರುತ್ತೆ, ಅಷ್ಟೇ.

ಫೋನ್ ಬಂದರೆ ಉದ್ದ ಮಾತು ಬೇಡ. ‘ನಿಮ್ಮ ಹೆಸರು, ಏಜೆನ್ಸಿ ಹೆಸರು ಹೇಳಿ. ಕಂಪನಿ ಕೊಟ್ಟ ಅಧಿಕಾರ ಪತ್ರ ಈಮೇಲ್ ಮಾಡಿ. ಬಿಲ್ ಬಗ್ಗೆ ತಕರಾರು ಇದೆ, ದೂರಿನ ಸಂಖ್ಯೆ ಇಂಥದ್ದು. ಇನ್ನು ಮುಂದೆ ಈಮೇಲ್‌ನಲ್ಲೇ ಮಾತಾಡಿ.’ ಇಷ್ಟು ಹೇಳಿ ಇಟ್ಟುಬಿಡಿ. ಬೈಯಬೇಡಿ, ಆಕಡೆಯೂ ರೆಕಾರ್ಡ್ ಆಗ್ತಿರುತ್ತೆ. ‘ಕಟ್ತೀನಿ’, ‘ನೋಡೋಣ’, ‘ಮುಂದಿನ ವಾರ’ ಅನ್ನೋ ಮಾತು ಬಂದರೆ ಸಿಸ್ಟಂನಲ್ಲಿ ‘ಪಾವತಿ ಭರವಸೆ’ ಅಂತ ತಾರೀಕು ಬೀಳುತ್ತೆ. ಆ ತಾರೀಕು ಮೀರಿದ ಕೂಡಲೇ ಫೋನು ಎರಡು ಪಟ್ಟು. ಆಧಾರ್, ಪ್ಯಾನ್, ಓಟಿಪಿ ಏನೂ ಕೊಡಬೇಡಿ, ‘ವೆರಿಫಿಕೇಷನ್‌ಗೆ’ ಅಂದರೂ ಬೇಡ. ಪ್ರತಿ ಕಾಲ್‌ನ ತಾರೀಕು, ಹೊತ್ತು, ನಂಬರ್ ಒಂದು ಕಡೆ ಬರೆದಿಡಿ, ಸಾಧ್ಯವಾದರೆ ರೆಕಾರ್ಡ್ ಮಾಡಿ.

ಅಮ್ಮನಿಗೆ ಒಂದೇ ವಾಕ್ಯ ಹೇಳಿಕೊಡಿ: ‘ಬಿಲ್ ನನ್ನ ಹೆಸರಲ್ಲಿಲ್ಲ, ಈ ನಂಬರ್ ತೆಗೆದುಹಾಕಿ.’ ಅವರು ಸಾಲಗಾರರೂ ಅಲ್ಲ, ಜಾಮೀನುದಾರರೂ ಅಲ್ಲ, ಒಂದು ಪೈಸೆ ಹೊಣೆ ಇಲ್ಲ. ಪಾಪ, ಹೆದರಿ ಕಟ್ಟಿಬಿಡೋದು ಸಾಮಾನ್ಯವಾಗಿ ಮನೆಯ ಹಿರಿಯರೇ, ಏಜೆಂಟ್‌ಗೂ ಅದು ಗೊತ್ತು.

ಈಮೇಲ್ ಹೀಗಿರಲಿ, ವಿಷಯದ ಸಾಲಿನಲ್ಲಿ ಅಕೌಂಟ್ ನಂಬರ್ ಹಾಕಿ:

“ಅಕೌಂಟ್ ಸಂಖ್ಯೆ ____. ಜೂನ್ 20ರಂದು ಡಿಸ್ಕನೆಕ್ಷನ್ ಕೋರಿದ್ದೇನೆ, ರಿಕ್ವೆಸ್ಟ್ ಸಂಖ್ಯೆ ____ (ಎಸ್ಸೆಮ್ಮೆಸ್ ಚಿತ್ರ ಲಗತ್ತಿಸಿದೆ). ಆ ನಂತರದ ಅವಧಿಗೆ ಹಾಕಿರುವ ಬಿಲ್ ಮತ್ತು ಲೇಟ್ ಫೀ ನನಗೆ ಒಪ್ಪಿಗೆಯಿಲ್ಲ. ಜೂನ್ 5ರಿಂದ 20ರವರೆಗಿನ 16 ದಿನಗಳ ಬಾಡಿಗೆ ಜಿಎಸ್‌ಟಿ ಸೇರಿ ₹502.83 ಆಗುತ್ತದೆ. ತಿದ್ದಿದ ಅಂತಿಮ ಬಿಲ್ ಕಳಿಸಿದರೆ 3 ದಿನದಲ್ಲಿ ಪಾವತಿಸುತ್ತೇನೆ. ಉಳಿದ ಯಾವ ಬಾಕಿಯನ್ನೂ ಒಪ್ಪಿಕೊಂಡಿಲ್ಲ. ರೂಟರ್ (ಸೀರಿಯಲ್ ಸಂಖ್ಯೆ ____) ದಿನಾಂಕ ____ರಂದು ____ ಸ್ಟೋರ್‌ಗೆ ಒಪ್ಪಿಸಿದೆ, ರಸೀದಿ ಲಗತ್ತಿಸಿದೆ. ₹1,500 ತೆಗೆದುಹಾಕಿ. ತಕರಾರು ಇತ್ಯರ್ಥವಾಗುವವರೆಗೆ ವಸೂಲಿ ಏಜೆನ್ಸಿಯ ಕರೆಗಳನ್ನು ನಿಲ್ಲಿಸಿ, ನನ್ನ ತಾಯಿಯ ಸಂಖ್ಯೆಯನ್ನು ದಾಖಲೆಯಿಂದ ತೆಗೆಯಿರಿ. ಕ್ರೆಡಿಟ್ ಮಾಹಿತಿ ಸಂಸ್ಥೆಗಳಿಗೆ ಈ ಬಾಕಿ ವರದಿ ಮಾಡಿದ್ದರೆ ತಿದ್ದಿ, ಲಿಖಿತವಾಗಿ ತಿಳಿಸಿ.”

ಕನ್ನಡದಲ್ಲಿ ಕಳಿಸೋಕೆ ಅಡ್ಡಿ ಇಲ್ಲ. ಆದರೆ ಓದೋ ಅಧಿಕಾರಿ ಬೇರೆ ರಾಜ್ಯದಲ್ಲಿ ಕೂತಿರಬಹುದು, ಕೆಳಗೆ ಇಂಗ್ಲಿಷ್ ಪ್ರತಿ ಸೇರಿಸಿದರೆ ಒಂದು ವಾರ ಉಳಿಯುತ್ತೆ.

ಬರೀ ಈಮೇಲ್ ಕಳಿಸಿ ಕೂರಬೇಡಿ. ಕಂಪನಿಯ ದೂರು ಕೇಂದ್ರಕ್ಕೆ ಫೋನ್ ಮಾಡಿ ಡಾಕೆಟ್ ನಂಬರ್ (ದೂರಿನ ಸಂಖ್ಯೆ) ತಗೊಳ್ಳಿ, ಅದಿಲ್ಲದೆ ಮುಂದಿನ ಮೆಟ್ಟಿಲಿಲ್ಲ. ಅಲ್ಲಿ ಬಗೆಹರಿಯದಿದ್ದರೆ ಕಂಪನಿಯ ಒಳಗೇ ಅಪೀಲ್ ಪ್ರಾಧಿಕಾರ ಇರುತ್ತೆ. 2012ರ ಟ್ರಾಯ್ (ಟೆಲಿಕಾಂ ನಿಯಂತ್ರಣ ಪ್ರಾಧಿಕಾರ) ನಿಯಮದಂತೆ ಅದಕ್ಕೆ ಶುಲ್ಕ ಇಲ್ಲ, 39 ದಿನದಲ್ಲಿ ತೀರ್ಮಾನ ಕೊಡಬೇಕು. ಎಷ್ಟೋ ಬಿಲ್ ಈ ಹಂತದಲ್ಲೇ ತಿದ್ದುಪಡಿ ಆಗೋದು, ಯಾಕಂದ್ರೆ ಕಾಲ್ ಸೆಂಟರ್‌ನವರಿಗೆ ಇಲ್ಲದ ಬಿಲ್ ಮನ್ನಾ ಅಧಿಕಾರ ಅಲ್ಲಿರುತ್ತೆ. ನೇರ ಟ್ರಾಯ್‌ಗೆ ಬರೆದರೆ ಲಾಭ ಇಲ್ಲ, ಅವರು ಒಬ್ಬೊಬ್ಬರ ದೂರು ತೀರ್ಮಾನಿಸಲ್ಲ, ಕಂಪನಿಗೇ ದಾಟಿಸ್ತಾರೆ.

ಕರಿಕೋಟು

ಅದಾದ ಮೇಲಿನ ದಾರಿ: ದೂರಸಂಪರ್ಕ ಇಲಾಖೆಯ ಸಾರ್ವಜನಿಕ ದೂರು ವಿಭಾಗ (ಕೇಂದ್ರ ಸರ್ಕಾರದ ದೂರು ಜಾಲತಾಣ ಸಿಪಿಗ್ರಾಮ್ಸ್ ಮೂಲಕ ಹಾಕಬಹುದು), ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ. ‘ಟೆಲಿಕಾಂ ವಿಚಾರ ಗ್ರಾಹಕ ಆಯೋಗಕ್ಕೆ ಬರಲ್ಲ’ ಅಂತ ಕಂಪನಿ ವಕೀಲರು ಮೊದಲು ವಾದ ಮಾಡ್ತಿದ್ದರು. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ವೊಡಾಫೋನ್ ಐಡಿಯಾ ಪ್ರಕರಣದಲ್ಲಿ ಆ ಬಾಗಿಲು ಮುಚ್ಚಿದೆ. ಅರ್ಜಿ ಗ್ರಾಹಕ ಆಯೋಗಗಳ ಜಾಲತಾಣ ಇ-ಜಾಗೃತಿಯಲ್ಲಿ ಆನ್‌ಲೈನ್, ಸೇವೆಗೆ ಕೊಟ್ಟ ಹಣ ₹5 ಲಕ್ಷದ ಒಳಗಿದ್ದರೆ ಶುಲ್ಕ ಸೊನ್ನೆ. ನೀವು ವಾಸ ಇರೋ ಊರಿನಲ್ಲೇ ಹಾಕಬಹುದು, ಶಿವಮೊಗ್ಗಕ್ಕೆ ಓಡಾಡಬೇಕಿಲ್ಲ. ಗಡುವು 2 ವರ್ಷ. ನನ್ನ ಅಭಿಪ್ರಾಯ ಕೇಳಿದರೆ ₹3,503ಕ್ಕೆ ಆಯೋಗದವರೆಗೆ ಹೋಗೋದು ಕಿರುಕುಳದ ಪುರಾವೆ ಗಟ್ಟಿಯಾಗಿದ್ದರೆ ಮಾತ್ರ ಸರಿ. ಬರೀ ಬಿಲ್ ತಿದ್ದಿಸೋದಕ್ಕೆ ಅಪೀಲ್ ಸಾಕು.

ಮನೆಗೆ ಬಂದರೆ: ಒಳಗೆ ಕರೆಯಬೇಕಾದ ಅಗತ್ಯ ಇಲ್ಲ. ಗುರುತಿನ ಚೀಟಿ, ಅಧಿಕಾರ ಪತ್ರದ ಫೋಟೋ ತೆಗೆದುಕೊಂಡು ಬಾಗಿಲಲ್ಲೇ ಮಾತಾಡಿ ಕಳಿಸಿ. ಟಿವಿ, ಬೈಕ್ ಮುಟ್ಟುವ ಅಧಿಕಾರ ಯಾವ ಏಜೆಂಟ್‌ಗೂ ಇಲ್ಲ. ಗಲಾಟೆ ಮಾಡಿದರೆ 112. ಫೋನಿನಲ್ಲಿ ಬೆದರಿಕೆ ಹಾಕಿದ ರೆಕಾರ್ಡ್ ಇದ್ದರೆ ಠಾಣೆಯಲ್ಲಿ ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಂ (ಅಪರಾಧಿಕ ಬೆದರಿಕೆ) ಹೆಸರಿಸಿ ದೂರು ಕೊಡಿ. ಸಾಮಾನ್ಯ ಬೆದರಿಕೆಗೆ ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ದೂರು ದಾಖಲೆ) ಮಾಡಿಕೊಟ್ಟು ಕಳಿಸ್ತಾರೆ, ಎಫ್‌ಐಆರ್ ಆಗಲಿಲ್ಲ ಅಂತ ಬೇಜಾರಾಗಬೇಡಿ. ಆ ಎನ್‌ಸಿಆರ್ ಪ್ರತಿಯನ್ನು ಕಂಪನಿಯ ಅಪೀಲ್ ಪ್ರಾಧಿಕಾರಕ್ಕೆ ಕಳಿಸಿದರೆ ಏಜೆನ್ಸಿ ಬಾಯಿ ಮುಚ್ಚುತ್ತೆ. ದುಡ್ಡು ಆಗಲೇ ಆ ಯುಪಿಐ ಐಡಿಗೆ ಹೋಗಿ, ಅದು ಮೋಸ ಅಂತ ಗೊತ್ತಾದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930.

ಉಪ್ಪಿಟ್ಟು_ಪ್ರಿಯ

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಇದೇ ಥರ ಕ್ರೆಡಿಟ್ ಕಾರ್ಡ್‌ನಲ್ಲಿ ₹260 ಉಳಿದುಹೋಗಿ ಏಜೆಂಟ್ ಫೋನ್ ಮಾಡಿದರೆ ಏನು ವ್ಯತ್ಯಾಸ?

ಸ್ಕೋರ್‌ಬೋರ್ಡ್

@ಉಪ್ಪಿಟ್ಟು_ಪ್ರಿಯ, ಅಲ್ಲಿ ದಾರಿಹೋಕ ಅವರ ಮಾತು ಸರಿಯಾಗುತ್ತೆ. 8ರಿಂದ 7ರ ನಿಯಮ ಅನ್ವಯ, ಮನೆಯವರನ್ನು, ಸ್ನೇಹಿತರನ್ನು ಕಾಡೋ ಹಾಗಿಲ್ಲ. ಮೊದಲು ಬ್ಯಾಂಕಿಗೆ ಲಿಖಿತ ದೂರು. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಸರಿಹೋಗದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್, ಸಹಾಯವಾಣಿ 14448. ಲೇಟ್ ಫೀಯನ್ನು ಗಡುವಿನ ನಂತರ ಉಳಿದ ಮೊತ್ತದ ಮೇಲಷ್ಟೇ ಹಾಕಬೇಕು, ಇಡೀ ಬಿಲ್ ಮೇಲೆ ಅಲ್ಲ. ಗಡುವು ದಾಟಿ 3 ದಿನ ಮೀರಿದ ಮೇಲಷ್ಟೇ ಬಾಕಿ ಅಂತ ವರದಿ ಮಾಡಬಹುದು. ಪೂರ್ತಿ ಕಟ್ಟಿ ಕಾರ್ಡ್ ಮುಚ್ಚಲು ಕೇಳಿದ ಮೇಲೆ 7 ಕೆಲಸದ ದಿನದಲ್ಲಿ ಮುಚ್ಚದಿದ್ದರೆ ದಿನಕ್ಕೆ ₹500 ಬ್ಯಾಂಕೇ ಕೊಡಬೇಕು. ಸಿಬಿಲ್ ತಿದ್ದುಪಡಿ 30 ದಿನ ಮೀರಿದರೆ ದಿನಕ್ಕೆ ₹100 ಪರಿಹಾರದ ನಿಯಮವೂ 2024ರ ಏಪ್ರಿಲ್‌ನಿಂದ ಇದೆ. ₹260ಕ್ಕೆ ಮಾತ್ರ ಜಗಳ ಬೇಡ, ಇವತ್ತೇ ಕಟ್ಟಿ. ಕಾರ್ಡ್ ಬಡ್ಡಿ ದಿನದಿನವೂ ಏರುತ್ತೆ, ಇಂಟರ್ನೆಟ್ ಬಿಲ್ ಹಾಗಲ್ಲ.

ದಾರಿಹೋಕ

ಸರಿ, ಒಪ್ಪಿದೆ. ಆದರೆ ಪೋಸ್ಟ್‌ಪೇಯ್ಡ್ ಮೊಬೈಲ್ ಪೋರ್ಟ್ ಮಾಡಿ ಹಳೇ ಕಂಪನಿಯ ಕೊನೇ ಬಿಲ್ ಬಿಟ್ಟರೆ? ಪೋರ್ಟ್ ಆಯ್ತಲ್ಲ, ಇನ್ನೇನು ಮಾಡ್ತಾರೆ?

ಕೌಂಟರ್_ನಂ_4

ಮಾಡ್ತಾರೆ. ಬ್ರಾಡ್‌ಬ್ಯಾಂಡ್‌ಗಿಂತ ಅದು ಕಷ್ಟ. ಪೋರ್ಟ್ ಆದ ಮೇಲೆ ಹಳೇ ಕಂಪನಿ ಕೊನೇ ಬಿಲ್ ಕಳಿಸುತ್ತೆ. ಕಟ್ಟದಿದ್ದರೆ ಪೋರ್ಟಿಂಗ್ ವ್ಯವಸ್ಥೆಯ ಮೂಲಕವೇ ಹೊಸ ಕಂಪನಿಗೆ ಹೇಳಿ ನಂಬರ್ ನಿಲ್ಲಿಸೋಕೆ ನಿಯಮದಲ್ಲೇ ಅವಕಾಶ ಇದೆ. ಹೊಸ ಕಂಪನಿಗೆ ಎಷ್ಟು ನಿಯತ್ತಾಗಿ ಕಟ್ಟಿದ್ದರೂ ನಂಬರ್ ನಿಂತುಹೋಗುತ್ತೆ. ಆ ಬಿಲ್ ಹಳೇ ಆ್ಯಪ್‌ನಲ್ಲಿ ಕಾಣದೇ ಇರೋದೇ ದೊಡ್ಡ ತೊಂದರೆ, ಲಾಗಿನ್ ಆಗಲ್ಲ. ಪೋರ್ಟ್ ಮಾಡೋ ಮುಂಚೆ ಈಮೇಲ್ ಐಡಿ ದಾಖಲೆಯಲ್ಲಿ ಸರಿ ಇದೆಯಾ ನೋಡಿಕೊಳ್ಳಿ, ಕೊನೇ ಬಿಲ್ ಅಲ್ಲಿಗೇ ಬರೋದು. ಆಟೋಪೇ ಇದ್ದರೆ ಆ ಕೊನೇ ಬಿಲ್ ಕಟ್ಟಿ ಮುಗಿಯೋವರೆಗೆ ತೆಗೀಬೇಡಿ. ಡೆಪಾಸಿಟ್ ಇಟ್ಟಿದ್ದರೆ ಅದನ್ನು ಬಿಲ್‌ಗೆ ಹೊಂದಿಸಿ ಉಳಿದದ್ದು ಕೊಡಿ ಅಂತಲೂ ಬರೆಯಿರಿ.

ತುಂಗಾತೀರ

ರೂಟರ್ ಸ್ಟೋರ್‌ಗೆ ಕೊಟ್ಟಾಯ್ತು, ಸೀರಿಯಲ್ ನಂಬರ್ ಇರೋ ರಸೀದಿ ಸಿಕ್ತು. ಈಮೇಲ್ ಹೋಗಿದೆ, ಡಾಕೆಟ್ ನಂಬರ್ ಬಂದಿದೆ. ತಿದ್ದಿದ ಬಿಲ್ ಬಂದು ₹502.83 ಕಟ್ಟಿದ ಮೇಲೆ ಇನ್ನೇನಾದ್ರೂ ತಗೋಬೇಕಾ?

ಕೌಂಟರ್_ನಂ_4

ನೋ ಡ್ಯೂಸ್ ಪತ್ರ ಕೇಳಿ. ಅದರಲ್ಲಿ ಅಕೌಂಟ್ ನಂಬರ್, ‘ಬಾಕಿ ₹0’ ಅನ್ನೋ ಮಾತು, ತಾರೀಕು, ರೂಟರ್ ವಾಪಸ್ ಬಂದಿದೆ ಅನ್ನೋದು ನಾಲ್ಕೂ ಇರಬೇಕು. ಏಜೆನ್ಸಿಗಳ ಪಟ್ಟಿ ತಕ್ಷಣ ಅಪ್‌ಡೇಟ್ ಆಗಲ್ಲ, ಒಂದೆರಡು ತಿಂಗಳು ಬೇರೆ ಏಜೆನ್ಸಿಯಿಂದ ಮತ್ತೆ ಫೋನ್ ಬಂದರೆ ಆ ಪತ್ರದ ಪ್ರತಿ ಈಮೇಲ್ ಮಾಡಿ. ಕಟ್ಟಿದ ಎರಡು ತಿಂಗಳ ನಂತರ ಒಂದು ಸಲ ಕ್ರೆಡಿಟ್ ರಿಪೋರ್ಟ್ ತೆಗೆದು ನೋಡಿ. ಈಗಲೇ ನಾಲ್ಕು ಉಚಿತ ರಿಪೋರ್ಟ್ ಖರ್ಚು ಮಾಡಿದ್ದರೆ ಮುಂದಿನ ಜನವರಿಗೆ ಹೊಸ ಕೋಟಾ ಸಿಗುತ್ತೆ.